ನಡುವಿನವರಿಲ್ಲದ ನಂಟು

2016ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಮ್ಯಾಟ್ರಿಮೋನಿ ಜಾಲತಾಣಗಳಿಗೆ ಒಂದು ಸಲಹಾಪತ್ರ ಹೊರಡಿಸಿತು. ಸದಸ್ಯರಾಗುವವರ ಗುರುತಿನ ದಾಖಲೆ ಪಡೆಯಿರಿ, ದೂರು ಕೇಳಲು ಒಬ್ಬ ಅಧಿಕಾರಿಯನ್ನು ಇಡಿ ಎಂಬ ಸೂಚನೆಗಳ ನಡುವೆ ಅದರಲ್ಲಿ ಇನ್ನೊಂದು ಮಾತಿತ್ತು: ಇದು ಮದುವೆಯ ಉದ್ದೇಶಕ್ಕೆ ಮಾತ್ರ ಇರುವ ತಾಣ, ಡೇಟಿಂಗ್ ತಾಣವಲ್ಲ ಎಂದು ಸ್ಪಷ್ಟವಾಗಿ ಘೋಷಿಸಬೇಕು. ಸರ್ಕಾರ ಎಳೆದ ಈ ಗೆರೆ ನಮ್ಮ ಮನೆಗಳಲ್ಲೂ ಇತ್ತು. ಮ್ಯಾಟ್ರಿಮೋನಿ ಎಂದರೆ ಅಪ್ಪ ರಾತ್ರಿ ಊಟವಾದ ಮೇಲೆ ಕನ್ನಡಕ ಏರಿಸಿಕೊಂಡು, ಮಗಳ ಹೆಸರಿನಲ್ಲಿ ಲಾಗಿನ್ ಆಗಿ ನೋಡುವ ತಾಣ. ಡೇಟಿಂಗ್ ಆ್ಯಪ್ ಎಂದರೆ ಅದೇ ಮಗಳು ಫೋನಿನ ಯಾವುದೋ ಫೋಲ್ಡರ್‌ನೊಳಗೆ ಬಚ್ಚಿಡುವ ವಸ್ತು.

ಅದೇ ವರ್ಷ ಟಿಂಡರ್ ಎಂಬ ಡೇಟಿಂಗ್ ಆ್ಯಪ್‌ನ ಕಂಪನಿ ಭಾರತಕ್ಕೆಂದೇ ಒಂದು ಜಾಹೀರಾತು ಮಾಡಿ, ಡೇಟ್‌ಗೆ ಹೊರಟ ಮಗಳನ್ನು ತಾಯಿಯೇ ಮೆಚ್ಚಿ ಕಳಿಸಿಕೊಡುವಂತೆ ತೋರಿಸಿತು. ಇವಳು ಯಾವ ಲೋಕದ ತಾಯಿ ಎಂದು ಜನ ನಕ್ಕರು. ಆದರೆ ಗೆರೆ ಮಾಸುತ್ತಲೇ ಹೋಯಿತು. 2018ರ ಕೊನೆಗೆ ಬಂಬಲ್ ಎಂಬ ಇನ್ನೊಂದು ಆ್ಯಪ್ ಭಾರತಕ್ಕೆ ಬಂತು. 2022ರಲ್ಲಿ, ಜೀವನ್‌ಸಾಥಿ ಎಂಬ ಮದುವೆ ತಾಣ ನಡೆಸುವ ಇನ್ಫೋ ಎಡ್ಜ್ ಕಂಪನಿ ಬೆಂಗಳೂರಿನ ಡೇಟಿಂಗ್ ಆ್ಯಪ್ ‘ಐಲ್’ನ ಬಹುಪಾಲು ಷೇರು ಕೊಂಡಿತು. ಈ ಐಲ್‌ನವರು ಮಲಯಾಳಿಗಳಿಗೆ ‘ಅರಿಕೆ’, ತಮಿಳರಿಗೆ ‘ಅನ್ಬೆ’, ತೆಲುಗರಿಗೆ ‘ನೀತೋ’, ಕನ್ನಡಿಗರಿಗೆ ‘ನೀನೇ’ ಎಂಬ ಆ್ಯಪ್‌ಗಳನ್ನೂ ತಂದವರು. ಮದುವೆಯ ಅಂಗಡಿ, ಡೇಟಿಂಗ್ ಅಂಗಡಿ ಎರಡಕ್ಕೂ ಒಬ್ಬನೇ ಯಜಮಾನ ಆದಮೇಲೆ ಡೇಟಿಂಗ್ ತಾಣವಲ್ಲ ಎಂಬ ಘೋಷಣೆ ಬರೀ ಶಾಸ್ತ್ರಕ್ಕೆ ಉಳಿಯಿತು.

ಈ ಆ್ಯಪ್‌ಗಳ ಬಗ್ಗೆ ನಮ್ಮಲ್ಲಿ ನಡೆಯುವ ಜಗಳ ಹೆಚ್ಚಾಗಿ ಶೀಲದ ಸುತ್ತಲೇ ಸುತ್ತುತ್ತದೆ. ಹಿರಿಯರಿಗೆ ಸಂಸ್ಕೃತಿ ಕೆಟ್ಟಿತೆಂಬ ಸಂಕಟ, ಕಿರಿಯರಿಗೆ ನಮ್ಮ ಬದುಕು ನಮ್ಮಿಷ್ಟ ಎಂಬ ಹಟ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಬದಲಾವಣೆ ಬೇರೆ ಕಡೆ ಆಗಿದೆ. ಗಂಡು ಹೆಣ್ಣಿನ ನಡುವೆ ಯಾವತ್ತೂ ನಿಂತಿರುತ್ತಿದ್ದ ಮೂರನೆಯ ಮನುಷ್ಯ, ಅಂದರೆ ಸೋದರಮಾವ, ಅತ್ತಿಗೆಯ ತವರಿನವರು, ಕಾಲೇಜಿನ ಗೆಳತಿ, ಮದುವೆ ದಲ್ಲಾಳಿ, ಇವರಲ್ಲಿ ಯಾರಾದರೂ ಒಬ್ಬರು, ಜಾಗ ಖಾಲಿ ಮಾಡಿದ್ದಾರೆ. ಇವತ್ತಿನ ಸಂಬಂಧಗಳ ಸುಖವೂ ತಾಪತ್ರಯವೂ ಬಹುಪಾಲು ಈ ಖಾಲಿ ಜಾಗದಿಂದ ಬಂದಿವೆ.

ಅಮೆರಿಕದಲ್ಲಿ ಇದನ್ನು ಲೆಕ್ಕ ಹಾಕಿ ನೋಡಿದವರಿದ್ದಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಮೈಕೆಲ್ ರೋಸೆನ್‌ಫೆಲ್ಡ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2009ರಲ್ಲಿ ಅಲ್ಲಿ ಜೊತೆಯಾದ ಗಂಡು–ಹೆಣ್ಣು ಜೋಡಿಗಳಲ್ಲಿ ಶೇ 22ರಷ್ಟು ಆನ್‌ಲೈನ್‌ನಲ್ಲಿ ಭೇಟಿಯಾಗಿದ್ದವು. 2017ರ ಹೊತ್ತಿಗೆ ಅದು ಸುಮಾರು ಶೇ 39. ಮ್ಯಾಚ್ ಡಾಟ್ ಕಾಮ್ ಶುರುವಾದ 1995ರಲ್ಲಿ ಮೂರರಲ್ಲೊಂದು ಜೋಡಿಗೆ ಗೆಳೆಯರೇ ಪರಿಚಯ ಮಾಡಿಸಿದ್ದರು. 2017ಕ್ಕೆ ಐದರಲ್ಲೊಂದಕ್ಕೆ ಇಳಿಯಿತು. ಮನೆಯವರು, ಚರ್ಚು, ನೆರೆಹೊರೆ ಎಲ್ಲರ ಪಾಲೂ ಕುಗ್ಗಿತ್ತು. ಸಲಿಂಗಿ ಜೋಡಿಗಳಲ್ಲಂತೂ ಮೂರರಲ್ಲಿ ಎರಡು ಪಾಲು ಆನ್‌ಲೈನ್‌ನವೇ. ಅಮೆರಿಕದಲ್ಲಿ ಹೊರಗೆ ಹೋದವರು ಗೆಳೆಯರು. ನಮ್ಮಲ್ಲಿ ಹೊರಗೆ ಹೋಗಬೇಕಾಗಿ ಬಂದವರು ಬಂಧುಗಳು, ಜಾತಿ, ಜಾತಕ, ಊರು. ಅವರು ಅಷ್ಟು ಸುಲಭವಾಗಿ ಹೊರಡುವವರಲ್ಲ.

ನಡುವಿನವರು ಮಾಡುತ್ತಿದ್ದ ಕೆಲಸವಾದರೂ ಏನು? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಗಾದೆಯೇ ಇದೆ. ಹುಡುಗನಿಗೆ ಕುಡಿತ ಇಲ್ಲ, ಹುಡುಗಿಗೆ ಸಿಟ್ಟೇ ಬರುವುದಿಲ್ಲ, ಎರಡೆಕರೆ ಅಡಿಕೆ ತೋಟ ಐದೆಕರೆ. ಸುಳ್ಳು ಅಂದೂ ಇತ್ತು. ಆದರೆ ಸುಳ್ಳು ಹೇಳಿದವನಿಗೆ ಒಂದು ವಿಳಾಸವಿತ್ತು. ಮದುವೆಯಾಗಿ ಆರು ತಿಂಗಳಿಗೆ ಅಳಿಯ ಕುಡಿದು ಬಂದರೆ, ‘ನೀನೇ ತಾನೇ ಹೇಳಿದ್ದು’ ಎಂದು ಹೋಗಿ ಬೈಯಲು ಒಬ್ಬ ಸೋದರಮಾವ ಸಿಗುತ್ತಿದ್ದ. ಅವನು ಬೈಸಿಕೊಂಡು, ಎರಡೂ ಕಡೆಯವರನ್ನು ಜಗಲಿಯ ಮೇಲೆ ಕೂರಿಸಿ ಪಂಚಾಯಿತಿಯನ್ನೂ ಮಾಡುತ್ತಿದ್ದ. ಆ ಪಂಚಾಯಿತಿಯಲ್ಲಿ ಬಹುತೇಕ ಸಲ ಹೆಣ್ಣೇ ತಗ್ಗಬೇಕಾಗುತ್ತಿತ್ತು ಎಂಬುದನ್ನೂ ಹೇಳಲೇಬೇಕು. ನಡುವಿನವರು ಹೋದದ್ದಕ್ಕೆ ಕಣ್ಣೀರು ಹಾಕುವ ಮುನ್ನ ಅವರ ಕೈಯಲ್ಲಿ ನರಳಿದವರನ್ನು ಕೇಳಬೇಕು.

ಬೇಡವೆನ್ನುವ ಹೊರೆಯನ್ನೂ ಅವರೇ ಹೊರುತ್ತಿದ್ದರು. ‘ಜಾತಕ ಕೂಡಲಿಲ್ಲ’ ಎಂಬ ಒಂದು ಮಾತು ಎಷ್ಟು ಜನರ ಮಾನ ಕಾಪಾಡಿದೆಯೋ! ಹುಡುಗಿ ಕಪ್ಪು ಅನ್ನಿಸಿತು, ಹುಡುಗನ ಸಂಬಳ ಸಾಲದು ಅನ್ನಿಸಿತು, ಎಲ್ಲವನ್ನೂ ಗ್ರಹಗಳ ತಲೆಗೆ ಕಟ್ಟಿಬಿಡಬಹುದಿತ್ತು. ಈಗ ಬೇಡವೆಂದವರು ಸುಮ್ಮನೆ ಮಾಯವಾಗುತ್ತಾರೆ. ನಿನ್ನೆ ರಾತ್ರಿ ಒಂದೂವರೆವರೆಗೆ ಚಾಟ್ ಮಾಡಿದವರ ಪ್ರೊಫೈಲ್ ಬೆಳಿಗ್ಗೆ ಇರುವುದಿಲ್ಲ. ಇದಕ್ಕೆ ಘೋಸ್ಟಿಂಗ್ ಎಂದು ಹೆಸರಿಟ್ಟು, ಇದು ಈ ಪೀಳಿಗೆಯ ರೋಗ ಎನ್ನುತ್ತಾರೆ. ಉಪ್ಪಿಟ್ಟು–ಕೇಸರಿಬಾತು ತಿಂದು, ‘ಊರಿಗೆ ಹೋಗಿ ಕಾಗದ ಹಾಕ್ತೀವಿ’ ಎಂದು ಎದ್ದುಹೋದ ಗಂಡಿನ ಕಡೆಯವರ ಕಾಗದಕ್ಕಾಗಿ ತಿಂಗಳುಗಟ್ಟಲೆ ಕಾದ ನಮ್ಮ ಅತ್ತೆ, ಚಿಕ್ಕಮ್ಮಂದಿರನ್ನು ಕೇಳಿದರೆ ಬೇರೆ ಕಥೆ ಹೇಳಿಯಾರು. ವ್ಯತ್ಯಾಸ ಇಷ್ಟೇ: ಅಂದು ಕಾದದ್ದು ಇಡೀ ಮನೆ. ಅಪ್ಪನ ಸಂಕಟವೂ ಅದರಲ್ಲಿ ಸೇರಿತ್ತು, ಹೋಗಲಿ ಬಿಡು ಎನ್ನಲು ಅಜ್ಜಿ ಇದ್ದಳು. ಇಂದು ಕಾಯುವವಳು ಒಬ್ಬಳೇ, ಅದೂ ಪಿ.ಜಿ.ಯ ಕೋಣೆಯಲ್ಲಿ. ಅಂದು ಕಾಯುವ ಪಾಡು ಹೆಣ್ಣಿನ ಕಡೆಯವರದ್ದು ಮಾತ್ರ. ಈಗ ಗಂಡಿಗೂ ಸಮಪಾಲು. ಅಷ್ಟರ ಮಟ್ಟಿಗೆ ನ್ಯಾಯವೇ ಆಯಿತು.

ಸೋದರಮಾವ ಬಿಟ್ಟುಹೋದ ಜಾಗದಲ್ಲಿ ಈಗ ಕೂತಿರುವುದು ಆಲ್ಗಾರಿದಮ್. ಇದರ ಲೆಕ್ಕಾಚಾರ ತಿಳಿದುಕೊಳ್ಳುವುದು ಒಳ್ಳೆಯದು. 2012ರಲ್ಲಿ ಬಂದ ಟಿಂಡರ್ ಮಾಡಿದ ಜಾಣತನವೆಂದರೆ ಇಬ್ಬರೂ ಒಬ್ಬರೊಬ್ಬರ ಫೋಟೊವನ್ನು ಬಲಕ್ಕೆ ಸರಿಸಿ ಒಪ್ಪಿದರೆ ಮಾತ್ರ ಮಾತಿಗೆ ಅವಕಾಶ ಎಂಬ ನಿಯಮ. ನೀವು ಒಪ್ಪಿ, ಅವರು ಒಪ್ಪದಿದ್ದರೆ ಆ ಸಂಗತಿ ಯಾರಿಗೂ ಗೊತ್ತಾಗುವುದಿಲ್ಲ. ಅವಮಾನದ ಭಯವೇ ಇಲ್ಲ. 2014ರ ಬಂಬಲ್, ಮೊದಲ ಮಾತು ಹೆಣ್ಣೇ ಆಡಬೇಕೆಂಬ ನಿಯಮ ತಂದಿತು. ಯಾರಿಗೆ ಯಾರ ಮುಖ ಮೊದಲು ತೋರಿಸಬೇಕು ಎಂಬುದಕ್ಕೆ ಟಿಂಡರ್ ಕೆಲಕಾಲ ಚೆಸ್ ಆಟಗಾರರ ರೇಟಿಂಗ್‌ನಂಥ ಅಂಕ ಬಳಸುತ್ತಿತ್ತು. ಹೆಚ್ಚು ಜನ ಮೆಚ್ಚಿದವರು ನಿಮ್ಮನ್ನು ಮೆಚ್ಚಿದರೆ ನಿಮ್ಮ ಅಂಕ ಏರುತ್ತಿತ್ತು, ಅಂಥವರಿಗೇ ನಿಮ್ಮ ಮುಖ ಕಾಣುತ್ತಿತ್ತು. ಆ ಪದ್ಧತಿ ಕೈಬಿಟ್ಟಿದ್ದೇವೆ ಎಂದು ಕಂಪನಿ 2019ರಲ್ಲಿ ಹೇಳಿತು. ಹಿಂಜ್ ಆ್ಯಪ್ ಬಳಸುವ ವಿಧಾನದ ಬೇರು 1962ರ ಒಂದು ಗಣಿತ ಲೇಖನದಲ್ಲಿದೆ. ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಬರೆದ ಆ ಲೇಖನ, ಒಂದಷ್ಟು ಗಂಡು–ಹೆಣ್ಣುಗಳನ್ನು ಯಾರಿಗೂ ಇರುವ ಜೋಡಿ ಬಿಟ್ಟು ಓಡಿಹೋಗಲು ಕಾರಣವಿಲ್ಲದಂತೆ ಹೇಗೆ ಜೋಡಿಸಬಹುದು ಎಂದು ತೋರಿಸಿತು. ಶೇಪ್ಲಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಗಣಿತ ಸರಿಯಾಗಿಯೇ ಇದೆ. ಆದರೆ ಯಾರಿಗೆ ಯಾರು ಇಷ್ಟವಾದಾರು ಎಂಬ ಪಟ್ಟಿ ಮೊದಲು ಸಿಗಬೇಕಲ್ಲ? ಸಮಂತಾ ಜೋಯಲ್, ಪಾಲ್ ಈಸ್ಟ್‌ವಿಕ್, ಎಲೈ ಫಿಂಕೆಲ್ ಎಂಬ ಮನಶ್ಶಾಸ್ತ್ರಜ್ಞರು 2017ರಲ್ಲಿ ಇದನ್ನೇ ಪರೀಕ್ಷಿಸಿದರು. ಜನರಿಂದ ನೂರಕ್ಕೂ ಹೆಚ್ಚು ಗುಣ–ಅಭಿರುಚಿಗಳ ವಿವರ ಪಡೆದು, ಅವರನ್ನು ಕೆಲವು ನಿಮಿಷ ಮುಖಾಮುಖಿ ಭೇಟಿ ಮಾಡಿಸಿ, ಕಂಪ್ಯೂಟರಿಗೆ ಊಹಿಸಲು ಬಿಟ್ಟರು. ಒಟ್ಟಾರೆ ಯಾರು ಹೆಚ್ಚು ಜನರಿಗೆ ಇಷ್ಟವಾಗುತ್ತಾರೆ ಎಂಬುದನ್ನು ಅದು ಸ್ವಲ್ಪಮಟ್ಟಿಗೆ ಹೇಳಿತು. ಈ ಇವನಿಗೆ ಆ ಅವಳೇ ಏಕೆ ಹಿಡಿಸಿದಳು ಎಂಬಲ್ಲಿ ಸೋತಿತು. ನಕ್ಷತ್ರ, ಗಣ, ಕೂಟ ಎಣಿಸಿದ ನಮ್ಮ ಜೋಯಿಸರೂ ಇಲ್ಲೇ ಸೋತವರು.

ಹೊಸ ದಲ್ಲಾಳಿಯನ್ನು ನಂಬಬೇಕೇ ಎಂದು ಕೇಳಿದರೆ, ಅವನಿಗೆ ದುಡ್ಡು ಯಾವಾಗ ಸಿಗುತ್ತದೆ ಎಂದು ನೋಡಿ ಎನ್ನುತ್ತೇನೆ. ಹಳೆಯ ದಲ್ಲಾಳಿಗೆ ಕೈತುಂಬುತ್ತಿದ್ದದ್ದು ಮುಹೂರ್ತದ ದಿನ. ಜೋಡಿ ಕೂಡಿದರೆ ಅವನಿಗೆ ಲಾಭ, ಕೂಡದಿದ್ದರೆ ಬಸ್ ಚಾರ್ಜೂ ನಷ್ಟ. ಆ್ಯಪ್‌ಗೆ ದುಡ್ಡು ಬರುವುದು ತಿಂಗಳ ಚಂದಾದಿಂದ. ದಿನಕ್ಕಿಷ್ಟೇ ಲೈಕ್ ಉಚಿತ, ನಿಮ್ಮನ್ನು ಮೆಚ್ಚಿದವರ ಮುಖ ಮಸುಕು, ಕಾಸು ಕೊಟ್ಟರೆ ಸ್ಪಷ್ಟ. ಒಳ್ಳೆಯ ಜೋಡಿ ಸಿಕ್ಕ ದಿನ ಎರಡು ಗಿರಾಕಿ ನಷ್ಟ. ಅಳಿಸಿಹಾಕಲೆಂದೇ ಮಾಡಿದ ಆ್ಯಪ್ ಎಂದು ಹಿಂಜ್ ಹೇಳಿಕೊಳ್ಳುತ್ತದೆ. ಆದರೆ ಹಿಂಜ್, ಟಿಂಡರ್, ಓಕೆಕ್ಯುಪಿಡ್ ಮೂರೂ ಮ್ಯಾಚ್ ಗ್ರೂಪ್ ಎಂಬ ಒಂದೇ ಕಂಪನಿಯವು. ಷೇರುಪೇಟೆಗೆ ಅದು ಪ್ರತಿ ಮೂರು ತಿಂಗಳಿಗೆ ಒಪ್ಪಿಸುವ ಲೆಕ್ಕ ಹಣ ಕೊಡುವ ಬಳಕೆದಾರರ ಸಂಖ್ಯೆಯದ್ದು, ಕೂಡಿದ ಜೋಡಿಗಳದ್ದಲ್ಲ. 2024ರ ಪ್ರೇಮಿಗಳ ದಿನದಂದೇ, ಈ ಆ್ಯಪ್‌ಗಳನ್ನು ಚಟ ಹತ್ತಿಸುವಂತೆ ರೂಪಿಸಲಾಗಿದೆ ಎಂದು ಆರೋಪಿಸಿ ಕ್ಯಾಲಿಫೋರ್ನಿಯಾದಲ್ಲಿ ಕೆಲವರು ಈ ಕಂಪನಿಯ ಮೇಲೆ ದಾವೆ ಹೂಡಿದರು. ಕಂಪನಿ ಆರೋಪವನ್ನು ತಳ್ಳಿಹಾಕಿತು.

ಇದಕ್ಕೆ ನಮ್ಮಲ್ಲಿ ಇನ್ನೊಂದು ತೊಡಕು ಸೇರಿದೆ. ಭಾರತದ ಡೇಟಿಂಗ್ ಆ್ಯಪ್‌ಗಳಲ್ಲಿ ಗಂಡಸರ ಸಂಖ್ಯೆ ಹೆಂಗಸರಿಗಿಂತ ಬಹಳ ಹೆಚ್ಚು. ಹೀಗಾಗಿ ಹುಡುಗರು ಮುಖವನ್ನೂ ಸರಿಯಾಗಿ ನೋಡದೆ ಎಲ್ಲರನ್ನೂ ಬಲಕ್ಕೆ ಸರಿಸುತ್ತಾರೆ, ಹುಡುಗಿಯ ಫೋನಿಗೆ ಒಂದೇ ಸಂಜೆ ನೂರಾರು ಮೆಚ್ಚುಗೆ ಬಂದು ಬೀಳುತ್ತವೆ. ಅವಳಿಗೆ ಆರಿಸಿ ಆರಿಸಿ ಸುಸ್ತು, ಅವನಿಗೆ ಕಾದು ಕಾದು ಸುಸ್ತು. ಇಬ್ಬರೂ ಇದನ್ನು ತಮ್ಮ ವೈಯಕ್ತಿಕ ಸೋಲೆಂದೇ ತಿಳಿಯುತ್ತಾರೆ. ಹೆಣ್ಣಿನ ಈ ಕೊರತೆ ಆ್ಯಪ್‌ನ ಹೊರಗೂ ಇದೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಯುವಕರು, ಹೆಚ್ಚಿನವರು ರೈತರು, ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ‘ಬ್ರಹ್ಮಚಾರಿಗಳ ಪಾದಯಾತ್ರೆ’ ಹೊರಟರು. ಅದನ್ನು ಹಲವರು ತಮಾಷೆಯ ಸುದ್ದಿಯಾಗಿ ಓದಿದರು. ಅದೇ ವರ್ಷದ ಕೊನೆಗೆ ಮಂಡ್ಯದ ಆಲೆಮನೆಯೊಂದರಲ್ಲಿ ಹೆಣ್ಣು ಭ್ರೂಣ ಪತ್ತೆಯ ಸ್ಕ್ಯಾನಿಂಗ್ ದಂಧೆ ಬಯಲಾದಾಗ ಎರಡೂ ಸುದ್ದಿಯನ್ನು ಒಟ್ಟಿಗಿಟ್ಟು ನೋಡಿದವರು ಕಡಿಮೆ. ಹುಟ್ಟದ ಹೆಣ್ಣುಮಕ್ಕಳನ್ನು ಯಾವ ಆ್ಯಪ್ ತಾನೇ ತೋರಿಸೀತು? ಹುಟ್ಟಿ, ಓದಿ, ಬೆಂಗಳೂರು ಸೇರಿದವರಿಗೆ ಹಳ್ಳಿಗೆ ವಾಪಸಾಗುವ ಮನಸ್ಸಿಲ್ಲ. ಆ್ಯಪ್ ಅವರಿಗೆ ಇನ್ನಷ್ಟು ಆಯ್ಕೆ ಕೊಟ್ಟಿದೆ.

ಜಾತಿಯ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಮದುವೆ ತಾಣಗಳು ಜಾತಿಯನ್ನು ಸಡಿಲಿಸಲಿಲ್ಲ, ಇನ್ನಷ್ಟು ನುಣ್ಣಗೆ ಸೋಸಿದವು. ಭಾರತ್ ಮ್ಯಾಟ್ರಿಮೋನಿಯ ಕಂಪನಿ ಭಾಷೆಗೊಂದರಂತೆ ತಾಣ ಮಾಡಿತು, ಆಮೇಲೆ ಸಮುದಾಯಕ್ಕೊಂದರಂತೆ ನೂರಾರು ತಾಣ ತೆರೆಯಿತು. ಪೇಟೆಗೆ ಅದೇ ಬೇಕಿತ್ತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿಬ್ಬರು ಅರ್ಥಶಾಸ್ತ್ರಜ್ಞರು ಕೋಲ್ಕತ್ತದ ಬಂಗಾಳಿ ಪತ್ರಿಕೆಯ ವಧೂವರ ಜಾಹೀರಾತುಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮಧ್ಯಮ ವರ್ಗದವರು ಸ್ವಜಾತಿಗಾಗಿ ವಿದ್ಯೆಯಲ್ಲೂ ರೂಪದಲ್ಲೂ ಎಷ್ಟೊಂದು ಬಿಟ್ಟುಕೊಡಲು ತಯಾರಿದ್ದಾರೆ ಎಂಬುದು ಕಂಡಿತು. 2011–12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅಂತರ್ಜಾತಿ ಮದುವೆಗಳ ಪ್ರಮಾಣ ಶೇ 5ರ ಆಸುಪಾಸು.

ಟಿಂಡರ್, ಬಂಬಲ್‌ನಂಥವುಗಳಲ್ಲಿ ಜಾತಿಯ ಕಾಲಂ ಇಲ್ಲ. ಅದೇ ಅವುಗಳ ದೊಡ್ಡ ಗುಣ ಎಂದು ನಾನು ಭಾವಿಸುತ್ತೇನೆ. ಕಲಬುರಗಿಯ ಹುಡುಗ, ಪುತ್ತೂರಿನ ಹುಡುಗಿ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ಕಾಫಿಗೆ ಕೂರುವುದು ಯಾವ ಸೋದರಮಾವನ ಮೂಲಕವೂ ಆಗುತ್ತಿರಲಿಲ್ಲ. ಆದರೆ ಕಾಲಂ ಇಲ್ಲದ ಮಾತ್ರಕ್ಕೆ ಪ್ರಶ್ನೆ ಇಲ್ಲವೆಂದಲ್ಲ. ‘ನಿಮ್ಮದು ಯಾವ ಊರು?’ ಎಂದು ಶುರುವಾಗುತ್ತದೆ. ‘ಮನೆಯಲ್ಲೂ ಇದೇ ಕನ್ನಡ ಮಾತಾಡ್ತೀರಾ?’ ಎಂದು ಮುಂದುವರಿಯುತ್ತದೆ. ‘ನಾನ್‌ವೆಜ್ ತಿಂತೀರಾ?’ ಎನ್ನುವ ಹೊತ್ತಿಗೆ ಅರ್ಧ ಜಾತಕ ಬರೆದಾಗಿರುತ್ತದೆ. ಅಡ್ಡಹೆಸರು ನೋಡಿ ಎಡಕ್ಕೆ ಸರಿಸಿದವರ ಲೆಕ್ಕ ಯಾರಿಗೂ ಸಿಗುವುದಿಲ್ಲ. ಎರಡು ವರ್ಷ ಜೊತೆಗೆ ಓಡಾಡಿ, ಮದುವೆಯ ಮಾತು ಬಂದಾಗ ‘ಮನೇಲಿ ಒಪ್ಪಲ್ಲ’ ಎಂದು ಕೈ ತೊಳೆದುಕೊಂಡು, ಮಾರನೆಯ ತಿಂಗಳು ಜಾತಿಯ ತಾಣದಲ್ಲಿ ಪ್ರೊಫೈಲ್ ಹಾಕುವವರನ್ನು ನಾವೆಲ್ಲ ಕಂಡಿದ್ದೇವೆ. ಅವರಿಗೆ ಆ್ಯಪ್ ಪ್ರೀತಿಗೆ, ಮ್ಯಾಟ್ರಿಮೋನಿ ಮದುವೆಗೆ. 2016ರ ಸರ್ಕಾರಿ ಗೆರೆಯನ್ನು ನಿಷ್ಠೆಯಿಂದ ಪಾಲಿಸುವವರು ಬಹುಶಃ ಇವರೊಬ್ಬರೇ.

ಆ್ಯಪ್ ಬಂದದ್ದರಿಂದ ಏನೂ ಕಳೆದುಕೊಳ್ಳದೆ ಪಡೆದವರೂ ಇದ್ದಾರೆ. ಸಲಿಂಗಿಗಳಿಗೆ ಮೊದಲೂ ಯಾವ ಸೋದರಮಾವ ಇರಲಿಲ್ಲ. 2009ರಲ್ಲಿ ಬಂದ ಗ್ರೈಂಡರ್ ಆ್ಯಪ್ ಅವರಿಗೆ ಒಬ್ಬರನ್ನೊಬ್ಬರು ಕಾಣಲು ಸಿಕ್ಕ ಒಂದು ಕಿಟಕಿ. ಆಗ ಅದು ಕಾನೂನಿನ ಭಯದ ನಡುವೆ ಇಣುಕಬೇಕಾದ ಕಿಟಕಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಂನ ಆ ಭಯವನ್ನು ತೆಗೆಯಿತು. 2023ರಲ್ಲಿ ಅದೇ ಕೋರ್ಟು ಮದುವೆಯ ಹಕ್ಕು ಕೊಡಲು ಒಪ್ಪಲಿಲ್ಲ. ಬೇರೆ ಭಯವೂ ಉಳಿದಿದೆ: ಭೇಟಿಗೆ ಕರೆದು, ಫೋಟೊ ತೆಗೆದು, ಮನೆಗೆ ಹೇಳುತ್ತೇವೆಂದು ಬೆದರಿಸಿ ಹಣ ಕೀಳುವ ಗುಂಪುಗಳು ಇವರನ್ನೇ ಹುಡುಕಿ ಬರುವುದು, ಇವರು ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಯುತ್ತಾರೆ ಎಂಬ ಧೈರ್ಯದಿಂದಲೇ.

ವಂಚನೆ ಡೇಟಿಂಗ್ ಆ್ಯಪ್‌ನದ್ದೇ ಸೊತ್ತೂ ಅಲ್ಲ. 2023ರ ಜುಲೈನಲ್ಲಿ ಮೈಸೂರು ಪೊಲೀಸರು ಬಂಧಿಸಿದ ಒಬ್ಬ ವ್ಯಕ್ತಿಯ ಮೇಲಿದ್ದ ಆರೋಪ, ವೈದ್ಯ, ಎಂಜಿನಿಯರ್ ಎಂದೆಲ್ಲ ಹೇಳಿಕೊಂಡು ಹದಿನೈದು ಮಂದಿಯನ್ನು ಮದುವೆಯಾದನೆಂದು. ಆ ಹೆಂಗಸರು ಅವನಿಗೆ ಸಿಕ್ಕಿದ್ದು ಮ್ಯಾಟ್ರಿಮೋನಿ ತಾಣಗಳಲ್ಲಿ. ತಾಣಕ್ಕೆ ಮದುವೆಯ ಹೆಸರಿದ್ದರೆ ಸಾಕು, ವಿಚಾರಿಸುವ ಕೆಲಸ ಆಗಿಹೋಗಿದೆ ಎಂದು ನಂಬುವವರು ಇನ್ನೂ ಇದ್ದಾರೆ. ಇತ್ತ ಕಾನೂನೂ ಬದಲಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಂ, ನಡೆಸುವ ಉದ್ದೇಶವೇ ಇಲ್ಲದೆ ಮದುವೆಯ ಮಾತು ಕೊಟ್ಟು ಅಥವಾ ಗುರುತು ಮರೆಮಾಚಿ ಮದುವೆಯಾಗಿ ದೈಹಿಕ ಸಂಬಂಧ ಬೆಳೆಸಿದರೆ ಹತ್ತು ವರ್ಷದವರೆಗೆ ಶಿಕ್ಷೆ ಎನ್ನುತ್ತದೆ. ಮಾತು ಕೊಟ್ಟಾಗ ಎದುರಿಗೆ ಮೂರನೆಯವರು ಇರಲಿಲ್ಲವಾದ್ದರಿಂದ ಈಗ ಸಾಕ್ಷಿ ಹೇಳಬೇಕಾದದ್ದು ವಾಟ್ಸ್‌ಆ್ಯಪ್ ಚಾಟ್. ಪ್ರೀತಿಯಲ್ಲಿದ್ದಾಗಲೂ ಸ್ಕ್ರೀನ್‌ಶಾಟ್ ತೆಗೆದಿಡುವ ಅಭ್ಯಾಸ ಬೆಳೆದಿರುವುದರಲ್ಲಿ ಆಶ್ಚರ್ಯವೇನಿಲ್ಲ.

ಹೀಗೆ ಸಿಕ್ಕ ಜೋಡಿಗಳು ಬಾಳುತ್ತವೆಯೇ? ಸಂಶೋಧನೆಗಳು ಒಂದೇ ಮಾತು ಹೇಳುವುದಿಲ್ಲ. 2013ರಲ್ಲಿ ಜಾನ್ ಕ್ಯಾಸಿಯೊಪ್ಪೊ ತಂಡ, 2005ರಿಂದ 2012ರ ನಡುವೆ ಮದುವೆಯಾದ 19,131 ಅಮೆರಿಕನ್ನರನ್ನು ವಿಚಾರಿಸಿ, ಆನ್‌ಲೈನ್‌ನಲ್ಲಿ ಸಿಕ್ಕವರ ಮದುವೆಗಳು ಮುರಿಯುವುದು ಕೊಂಚ ಕಡಿಮೆ ಎಂದಿತು. ಹಣ ಕೊಟ್ಟದ್ದು ಇಹಾರ್ಮನಿ ಎಂಬ ಡೇಟಿಂಗ್ ತಾಣ ಎಂಬುದನ್ನು ಅವರೇ ತಿಳಿಸಿದ್ದಾರೆ, ಅಂತರವೂ ಸಣ್ಣದು. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಲೀಸೆಲ್ ಶರಾಬಿ ಮತ್ತು ಸಹೋದ್ಯೋಗಿ ಆಮೇಲೆ ಪ್ರಕಟಿಸಿದ ಅಧ್ಯಯನ ತದ್ವಿರುದ್ಧ: ಆನ್‌ಲೈನ್ ಜೋಡಿಗಳಲ್ಲಿ ತೃಪ್ತಿ ಸ್ವಲ್ಪ ಕಡಿಮೆ. ನನಗೆ ಮುಖ್ಯವಾಗಿ ಕಂಡದ್ದು ಅವರು ಕೊಡುವ ಕಾರಣ. ಬಂಧುಮಿತ್ರರು ಈ ಸಂಬಂಧವನ್ನು ಮನಸಾರೆ ಒಪ್ಪಿಲ್ಲ ಎಂಬ ಭಾವನೆ ಆ ಜೋಡಿಗಳಲ್ಲಿತ್ತು. ಭೇಟಿಯಾದ ಬಗೆಗಿಂತ, ಆಮೇಲೆ ಸುತ್ತಲಿನವರು ಕೈಬಿಟ್ಟದ್ದು ಕಾಡಿತ್ತು.

ಕರ್ನಾಟಕದಲ್ಲಿ ಬೆಂಗಳೂರು ದಾಟಿದರೆ ಈ ಕೈಬಿಡುವಿಕೆ ಇನ್ನೂ ಗಾಢ. ಹಾಸನದಲ್ಲೋ ದಾವಣಗೆರೆಯಲ್ಲೋ ಆ್ಯಪ್ ತೆರೆದರೆ ನಾಲ್ಕು ಮುಖಗಳಾದ ಮೇಲೆ ದೊಡ್ಡಪ್ಪನ ಮಗ ಕಾಣಿಸಿಕೊಳ್ಳುತ್ತಾನೆ. ಅವನು ನಿಮ್ಮನ್ನೂ ಕಂಡಿರುತ್ತಾನೆ. ಅದಕ್ಕೇ ಅಲ್ಲಿ ನಿಜವಾದ ಡೇಟಿಂಗ್ ಆ್ಯಪ್ ಇನ್‌ಸ್ಟಾಗ್ರಾಂ. ರೀಲ್‌ಗೆ ಒಂದು ಲೈಕ್, ಸ್ಟೋರಿಗೆ ಒಂದು ಉತ್ತರ, ಯಾರಾದರೂ ಕೇಳಿದರೆ ಬರೀ ಫ್ರೆಂಡ್. ಆದರೆ ಕೂತು ಮಾತಾಡಲು ಜಾಗವಿಲ್ಲ. ಮಂಗಳೂರಿನಲ್ಲಿ 2009ರಲ್ಲಿ ಪಬ್‌ಗೆ ನುಗ್ಗಿ, 2012ರಲ್ಲಿ ಹೋಂಸ್ಟೇಗೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದದ್ದನ್ನು ಈ ನಾಡು ಟಿ.ವಿ.ಯಲ್ಲಿ ನೋಡಿದೆ. ಫೋನಿನಲ್ಲಿ ಪರಿಚಯವಾದವರು ಬೆಳಕಿರುವ ಕಡೆ, ನಾಲ್ಕು ಜನರ ಕಣ್ಣೆದುರು ಕಾಫಿ ಕುಡಿಯುವುದೇ ಅಪಾಯವಾದರೆ ಅವರು ಹೋಗುವುದು ಊರಾಚೆಯ, ನಿಜಕ್ಕೂ ಅಪಾಯವಿರುವ ಜಾಗಕ್ಕೆ.

ಬೆಂಗಳೂರಿನ ಹುಡುಗಿಯರು ತಮ್ಮ ಪಾಡಿಗೆ ನಡುವಿನವರನ್ನು ಮತ್ತೆ ಕಟ್ಟಿಕೊಳ್ಳುತ್ತಿದ್ದಾರೆ. ಭೇಟಿಗೆ ಮುಂಚೆ ಲಿಂಕ್ಡ್‌ಇನ್‌ನಲ್ಲಿ ಅವನ ಕೆಲಸ ನೋಡುವುದು, ಅದೇ ಕಂಪನಿಯ ಗೆಳತಿಗೆ ಫೋನ್ ಮಾಡುವುದು, ಕೆಫೆಯ ಲೈವ್ ಲೊಕೇಶನ್ ರೂಮ್‌ಮೇಟ್‌ಗೆ ಕಳಿಸುವುದು, ಒಂಬತ್ತಕ್ಕೆ ‘ಎಲ್ಲ ಸರಿ ಇದೆಯಾ’ ಎಂದು ಅವಳಿಂದ ಕರೆ ಬರುವಂತೆ ಮಾಡಿಕೊಳ್ಳುವುದು. ಸೋದರಮಾವ ಮಾಡುತ್ತಿದ್ದ ವಿಚಾರಣೆಯೇ ಇದು, ಗೋತ್ರವೊಂದನ್ನು ಬಿಟ್ಟು. ಹುಡುಗರಲ್ಲಿ ಈ ಏರ್ಪಾಡು ಕಡಿಮೆ. ವಿಡಿಯೊ ಕರೆಯನ್ನು ಚಿತ್ರೀಕರಿಸಿಕೊಂಡು ಒಡ್ಡುವ ಬೆದರಿಕೆಗೆ ಸಿಕ್ಕು ಹಣ ಕಳೆದುಕೊಂಡವನು ಗೆಳೆಯನಿಗೂ ಹೇಳುವುದಿಲ್ಲ. ಸೈಬರ್ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿದರೆ ಹಣ ತಡೆಹಿಡಿಯಬಹುದು ಎಂಬುದು ತಿಳಿದಿದ್ದರೂ ನಾಚಿಕೆ ಕೈ ಕಟ್ಟುತ್ತದೆ.

ಮಕ್ಕಳು ಆ್ಯಪ್ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಬಿಡಬೇಕಾದದ್ದು ಮನೆಯವರ ಮುನಿಸು. ಮಗಳೋ ಮಗನೋ ಧೈರ್ಯ ಮಾಡಿ, ‘ಇವರು ಆ್ಯಪ್‌ನಲ್ಲಿ ಸಿಕ್ಕಿದ್ದು’ ಎಂದು ಒಂದು ಹೆಸರು ಹೇಳಿದ ದಿನ, ಎಲ್ಲಿ ಸಿಕ್ಕರು ಎಂಬ ವಿಚಾರಣೆಯನ್ನು ಬದಿಗಿಡಿ. ದಲ್ಲಾಳಿ ತಂದ ಸಂಬಂಧಕ್ಕೆ ಮಾಡುತ್ತಿದ್ದಷ್ಟೇ ಶ್ರದ್ಧೆಯಿಂದ ಇದನ್ನೂ ವಿಚಾರಿಸಿ: ಕೆಲಸದ ಜಾಗ, ಸಾಲಸೋಲ, ಸಿಟ್ಟುಸೆಡವು, ಹಿಂದೊಂದು ಮದುವೆ ಆಗಿದೆಯೇ ಎಂಬುದು. ಒಂದು ಭಾನುವಾರ ಊಟಕ್ಕೆ ಕರೆಯಿರಿ. ಜಾತಿ ಕೇಳಬೇಡಿ.